ಮೀಸೆ ನವಣೆಗೆ ಬಿದ್ದ ಮತ

ಹದಡಿಯ ನಿರ್ಮಲಮ್ಮನ ಹೊಲದಲ್ಲಿ ಸೆಪ್ಟೆಂಬರ್ ಎರಡನೇ ವಾರ ನಡೆದ ಚುನಾವಣೆಗೆ ಎಂಟು ಅಭ್ಯರ್ಥಿಗಳು ನಿಂತಿದ್ದರು. ಎಂಟೂ ನವಣೆ. ಎಂಟು ಪಟ್ಟಿ ನೆಲದಲ್ಲಿ ಎಂಟು ತಳಿ, ಪ್ರತಿ ಪಟ್ಟಿಯ ಮುಂದೆ ನಂಬರು ಬರೆದ ತಗಡು, ತಗಡಿನ ಪಕ್ಕ ಒಂದು ಗೂಟ, ಗೂಟಕ್ಕೆ ಒಂದು ಬಟ್ಟೆ ಚೀಲ. ಮತದಾರರು ಇಪ್ಪತ್ನಾಲ್ಕು ಮಂದಿ ಹೆಂಗಸರು. ಹದಡಿ, ಆನಗೋಡು, ಆವರಗೆರೆಯಿಂದ ಬಂದ ರೈತರು. ಒಬ್ಬೊಬ್ಬರ ಕೈಗೂ ಐದೈದು ಮೆಕ್ಕೆಜೋಳದ ಕಾಳು ಕೊಟ್ಟಿದ್ದರು. ಮನಸ್ಸಿಗೆ ಬಂದ ತಳಿಯ ಚೀಲಕ್ಕೆ ಹಾಕಬೇಕು. ಐದನ್ನೂ ಒಂದಕ್ಕೇ ಹಾಕಬಹುದು, ಹಂಚಿಯೂ ಹಾಕಬಹುದು. ಕಾಲುವೆ ನೀರು ಹತ್ತದ ಆ ಸೀಮೆಯಲ್ಲಿ ನವಣೆಯನ್ನು ಹೊಲದಿಂದ ಓಡಿಸಿದ್ದೇ ಮೆಕ್ಕೆಜೋಳ. ಈಗ ನವಣೆಯ ಹಣೆಬರಹ ಬರೆಯಲು ಅದನ್ನೇ ಕರೆದದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅಗ್ಗಕ್ಕೆ ಸಿಗುವ ಕಾಳು ಅದೊಂದೇ.

ಚುನಾವಣೆ ನಡೆಸಿದ್ದು ದಾವಣಗೆರೆಯಲ್ಲಿ ಎರಡು ಕೋಣೆಯ ಆಫೀಸು ಇಟ್ಟುಕೊಂಡಿದ್ದ ಒಂದು ಯೋಜನೆ. ತಳಿ ಅಭಿವೃದ್ಧಿಯಲ್ಲಿ ರೈತ ಮಹಿಳೆಯರ ಸಹಭಾಗಿತ್ವ ಇತ್ಯಾದಿ ಸೇರಿ ಅದರ ಪೂರ್ತಿ ಹೆಸರು ಬ್ಯಾನರಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಹೆಂಗಸರು ಬೀಜದಾಫೀಸು ಅನ್ನುತ್ತಿದ್ದರು. ಹಿಂದಿನ ವರ್ಷ ಸಿರಿಧಾನ್ಯದ ವರ್ಷವಾಗಿದ್ದರಿಂದ ಸಭೆ ಸಭೆಗೂ ನವಣೆ ಬಿಸ್ಕತ್ತು ಹಂಚಿದ್ದರು. ವರ್ಷ ಮುಗಿಯಿತು, ಬಿಸ್ಕತ್ತು ನಿಂತಿತು. ಯೋಜನೆ ಮಾತ್ರ ಉಳಿದಿತ್ತು, ಅದೂ ಮಾರ್ಚ್‌ವರೆಗೆ.

ಯೋಜನೆಯ ಮುಖ್ಯಸ್ಥ ಡಾಕ್ಟರ್ ಬಸವಕಿರಣ್ ಒಳ್ಳೆಯ ಮನುಷ್ಯ. ಹೆಂಗಸರ ಮಾತನ್ನು ಗಮನವಿಟ್ಟು ಕೇಳುತ್ತಿದ್ದ, ಕೇಳಿದ್ದನ್ನು ಅಂಕಿ ಮಾಡುತ್ತಿದ್ದ, ಅಂಕಿ ಬಂದ ಮೇಲೆ ಮಾತನ್ನು ಮರೆಯುತ್ತಿದ್ದ. ಅವನ ಕೈಕೆಳಗೆ ಬುಷ್ರಾ ಇದ್ದಳು: ಕೃಷಿ ಪದವಿ ಮುಗಿಸಿದ ಇಪ್ಪತ್ತಾರರ ಹುಡುಗಿ, ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವವಳು. ಕಾಳು ಹಂಚುವುದು, ಎಣಿಸುವುದು, ಬ್ಯಾನರು ಸೊಟ್ಟಗಾದರೆ ನೆಟ್ಟಗೆ ಮಾಡುವುದು ಅವಳ ಕೆಲಸ. ಹಿಂದಿನ ಹಂಗಾಮಿನಲ್ಲಿ ಆನಗೋಡಿನಲ್ಲಿ ಚೀಲದ ಬದಲು ಪ್ಲಾಸ್ಟಿಕ್ ಲೋಟ ಇಟ್ಟಿದ್ದರು. ಗಾಳಿ ಬೀಸಿ ಲೋಟಗಳೆಲ್ಲ ಮಗುಚಿ, ಮತಗಳನ್ನು ಕೋಳಿ ತಿಂದಿದ್ದವು. ಬಟ್ಟೆ ಚೀಲದ ಉಪಾಯ ಬುಷ್ರಾಳದ್ದೇ. ಹರಿಹರದಲ್ಲಿ ಅವಳ ಅಪ್ಪ ಜಮಾಲ್ ಸಾಬ್ ಲೇಡೀಸ್ ಟೇಲರು. ಗಿರಾಕಿಗಳು ಕೊಟ್ಟು ಮರೆತ ಬ್ಲೌಸ್ ಪೀಸುಗಳು ಅಂಗಡಿಯಲ್ಲಿ ಗಂಟುಗಟ್ಟಲೆ ಬಿದ್ದಿದ್ದವು. ಎಂಟು ಚೀಲ ಒಂದು ಮಧ್ಯಾಹ್ನದಲ್ಲಿ ಹೊಲಿದುಕೊಟ್ಟಿದ್ದರು. ಎಲ್ಲ ಹಸಿರು, ಕೆಂಪಂಚು. ಗೂಟಕ್ಕೆ ಕಟ್ಟಿದಾಗ ಹೊಲ ಮದುವೆ ಮನೆಯ ಹಾಗೆ ಕಂಡಿತು. ಬಸವಕಿರಣ್ ಕೂಡ "ವೆರಿ ನೈಸ್" ಅಂದು ಫೋಟೋ ತೆಗೆದಿದ್ದ.

ಐದನೇ ನಂಬರಿನ ನವಣೆ ಆವರಗೆರೆ ಮೈಲಮ್ಮನದು. ಯಾವ ನಂಬರು ಯಾರದು ಎಂಬುದು ಗುಟ್ಟಾಗಿರಬೇಕೆಂದು ನಿಯಮ. ಆದರೆ ಉಳಿದ ಏಳಕ್ಕೆ ಎಳಸು ಹುಡುಗರ ಮೀಸೆ ಇದ್ದರೆ ಐದಕ್ಕೆ ಪೈಲ್ವಾನರ ಮೀಸೆ. ತೆನೆಯ ತುಂಬ ಬೆರಳುದ್ದದ ಒರಟು ಕೂದಲು. ದೂರದಿಂದಲೇ ಗುಟ್ಟು ಕಾಣುತ್ತಿತ್ತು.

"ನಿನ್ನ ಗಂಡು ನಿಂತಾನೆ ನೋಡು ಮೈಲಮ್ಮ, ಮೀಸಿ ತಿರುವ್ಕೊಂಡು," ಎಂದಳು ನಿರ್ಮಲಮ್ಮ. ಆ ಊರಿನ ಮಹಿಳಾ ಸಂಘದ ಅಧ್ಯಕ್ಷೆ ಅವಳು, ಮಾತಿಗೂ ಅಧ್ಯಕ್ಷೆ.

"ನಂದ್ಯಾವುದೋ ನಂಗೇನು ಗೊತ್ತವ್ವ. ಸಾರು ಹೇಳಬ್ಯಾಡ ಅಂದಾರೆ," ಎಂದಳು ಮೈಲಮ್ಮ, ಬೇರೆ ಕಡೆ ನೋಡುತ್ತ.

"ಗೊತ್ತಿಲ್ದಾಕೆ ಸ್ನಾನ ಮಾಡಿ ಹೊಸ ಸೀರೆ ಉಟ್ಕಂಡು ಬಂದೀಯಾ?"

ಮೈಲಮ್ಮನಿಗೆ ಐವತ್ತೆಂಟು. ಗಂಡ ಸತ್ತು ಹನ್ನೆರಡು ವರ್ಷ. ಆವರಗೆರೆಯಲ್ಲಿ ಬಕ್ಕೇಶಪ್ಪನವರ ಎರಡೆಕರೆಯನ್ನು ಪಾಲಿಗೆ ಮಾಡುತ್ತಿದ್ದಳು. ಅವಳ ಅತ್ತೆ ಬಿಟ್ಟುಹೋದ ನವಣೆಯಲ್ಲಿ ಅಲ್ಲೊಂದು ಇಲ್ಲೊಂದು ಉದ್ದ ಮೀಸೆಯ ತೆನೆ ಬರುತ್ತಿತ್ತು. ಒಕ್ಕುವಾಗ ಮೈಯೆಲ್ಲ ತುರಿಸುತ್ತದೆಂದು ಜನ ಅದನ್ನು ಬೀಜಕ್ಕೆ ಇಡುತ್ತಿರಲಿಲ್ಲ. ಗಂಡ ಸತ್ತ ವರ್ಷ ಹೊಲ ಕಾಯುವವರಿಲ್ಲದೆ ಗುಬ್ಬಿ, ಗಿಳಿ ಎಲ್ಲ ಬಂದು ಕೂತವು. ಕೊಯ್ಲಿಗೆ ಹೋದಾಗ ಮೀಸೆಯ ತೆನೆಗಳಷ್ಟೇ ಉಳಿದಿದ್ದವು. ಅವನ್ನೇ ಬೀಜಕ್ಕಿಟ್ಟಳು. ಮರುವರ್ಷ ಅದರಲ್ಲಿ ಗಾಳಿಗೆ ಮಲಗದವನ್ನು ಆರಿಸಿದಳು, ಅದರ ಮರುವರ್ಷ ಒಟ್ಟಿಗೆ ಮಾಗುವವನ್ನು. ಹೀಗೆ ಹನ್ನೊಂದು ಕೊಯ್ಲು. ಓದಿದವರು ಇದಕ್ಕೆ ತಳಿ ಆಯ್ಕೆ ಎನ್ನುತ್ತಾರೆಂದು ಬುಷ್ರಾ ಹೇಳಿದಾಗ ಮೈಲಮ್ಮ, "ನಾನೆಲ್ಲಿ ಆರಿಸ್ದೆ? ಗುಬ್ಬಿ ಬ್ಯಾಡ ಅಂದದ್ದನ್ನು ಇಟ್ಕಂಡೆ," ಎಂದಿದ್ದಳು.

ಈಗ ಆ ಎರಡೆಕರೆ ಲೇಔಟ್ ಆಗುವುದಿತ್ತು. ಆವರಗೆರೆ ದಾವಣಗೆರೆಯಾಗುತ್ತ ಬಂದು ಬಹಳ ದಿನವಾಗಿತ್ತು. ಮೈಲಮ್ಮನ ಹೊಲದ ಸರದಿ ಈ ವರ್ಷ ಬಂತು. ಇದೇ ಕೊನೆಯ ಬೆಳೆ ಎಂದು ಬಕ್ಕೇಶಪ್ಪ ಯುಗಾದಿಗೇ ಹೇಳಿದ್ದರು. ಬೇರೆ ಯಾರಾದರೂ ಬಿತ್ತುತ್ತಾರೆಯೇ ಅಂದರೆ, ಊರೆಲ್ಲ ಮೆಕ್ಕೆಜೋಳ, ನೀರಿದ್ದವರದು ಅಡಿಕೆ. ನವಣೆ ಬೀಜ ಕೊಟ್ಟರೆ ಬೇಡ ಅನ್ನುವಷ್ಟು ಒರಟರು ಯಾರೂ ಇರಲಿಲ್ಲ. ತೆಗೆದುಕೊಂಡು ಉಂಡೆ ಕಟ್ಟಿ ತಿನ್ನುತ್ತಿದ್ದರು. ಉಳಿದಿದ್ದ ದಾರಿ ಒಂದೇ. ಹೆಂಗಸರ ಮತದಲ್ಲಿ ಗೆದ್ದ ತಳಿಯನ್ನು ಯೋಜನೆ ತನ್ನ ಫಾರಮ್ಮಿನಲ್ಲಿ ಎರಡೆಕರೆ ಬೆಳೆದು, ಮೂರು ಜಿಲ್ಲೆಗೆ ಹಂಚಿ, ಬೆಳೆದವರಿಂದ ತಾನೇ ಕೊಳ್ಳುತ್ತಿತ್ತು. ಫಾರಮ್ಮಿನಲ್ಲಿ ತೆನೆ ಆರಿಸುವ ಕೆಲಸವೂ ಆ ತಳಿ ತಂದವಳಿಗೇ.

ಇಳುವರಿಯಲ್ಲಿ ಗೆಲ್ಲುವ ಆಸೆ ಇರಲಿಲ್ಲ. ಪ್ರಯೋಗ ಶುದ್ಧವಾಗಿರಲಿ ಎಂದು ಬಸವಕಿರಣ್ ಎಂಟೂ ಪಟ್ಟಿಗೆ ಬಲೆ ಹೊದಿಸಿದ್ದ. ಹಕ್ಕಿ ಬಂದರೆ ಡೇಟಾ ಕೆಡುತ್ತದಂತೆ. ಹಕ್ಕಿಯೇ ಬಾರದ ಜಗತ್ತಿನಲ್ಲಿ, ಮತಕ್ಕೆ ಮುಂಚೆಯೇ ಮಾದರಿ ಕೊಯ್ದು ತೂಗಿದಾಗ, ಮೈಲಮ್ಮನ ನವಣೆ ನಾಲ್ಕನೇ ಸ್ಥಾನದ ಸಾಧಾರಣ ನವಣೆ. ಹಾಗಾಗಿ ಅದಕ್ಕೆ ಮತಗಳೇ ಗತಿ. ಒಟ್ಟು ಮತದಲ್ಲಿ ಕಾಲುಭಾಗ ಬಿದ್ದರೆ ಇಳುವರಿ ಹೇಗೇ ಇರಲಿ ಪಾಸು. ಯಾವ ತಳಿಗೂ ಕಾಲುಭಾಗ ಬೀಳದಿದ್ದರೆ ಇಳುವರಿಯಲ್ಲಿ ಮೊದಲು ಬಂದದ್ದು ಪಾಸು. ಇದು ನಿಯಮ. ಇಪ್ಪತ್ನಾಲ್ಕು ಹೆಂಗಸರಲ್ಲಿ ಆರು ಜನ ಮನಸ್ಸು ಮಾಡಿ ಐದೈದು ಕಾಳು ಹಾಕಿದರೂ ಸಾಕಿತ್ತು. ಅಂದು ಬೆಳಿಗ್ಗೆಯಿಂದ ಇಪ್ಪತ್ನಾಲ್ಕೂ ಹೆಂಗಸರ ಬಾಯಲ್ಲಿ ಬುಷ್ರಾ ಕೇಳಿದ್ದು ಐದನೆಯದರ ಮಾತೇ.

ಮತದಾನಕ್ಕೆ ಮುಂಚೆ ಬಸವಕಿರಣ್ ಒಂದು ಭಾಷಣ ಮಾಡಿದ. "ಯಾರ ಒತ್ತಡಕ್ಕೂ ಒಳಗಾಗಬೇಡಿ. ನಾವ್ಯಾರೂ ಹತ್ತಿರ ಬರೋದಿಲ್ಲ. ನಿಮ್ಮ ಮನಸ್ಸು ಏನು ಹೇಳುತ್ತೋ ಅದನ್ನು ಮಾಡಿ."

ಹಾಗೆ ಹೇಳಿ ಅವನೂ ಬುಷ್ರಾಳೂ ನಿಯಮದ ಪ್ರಕಾರ ಐವತ್ತು ಹೆಜ್ಜೆ ದೂರ, ಬೇವಿನ ಮರದ ಕೆಳಗೆ, ಹೊಲಕ್ಕೆ ಬೆನ್ನು ಮಾಡಿ ಕೂತರು. ಹೆಂಗಸರು ಸಾಲಾಗಿ ಬದುವಿನ ಮೇಲೆ ಹೋದರು. ನಗು ಕೇಳಿಸಿತು. "ಅತ್ತಲಾಗೆ ನೀನು ನೋಡು, ಇತ್ತಲಾಗೆ ನಾನು ನೋಡ್ತೀನಿ," ಎಂದು ನಿರ್ಮಲಮ್ಮನ ದನಿ ಕೇಳಿಸಿತು. ಎಷ್ಟು ಹುರುಪು ನೋಡು ಎಂಬಂತೆ ಬಸವಕಿರಣ್ ಬುಷ್ರಾಳ ಕಡೆ ನೋಡಿ ತಲೆಯಾಡಿಸಿದ. ಅವರು ತಮ್ಮ ಮನಸ್ಸು ಹೇಳಿದ್ದನ್ನೇ ಮಾಡಿದರು. ಅದರಲ್ಲಿ ಸಂಶಯವಿಲ್ಲ.

ಮಾರನೇ ದಿನ ಆಫೀಸಿನ ಮೇಜಿನ ಮೇಲೆ ಎಣಿಕೆಯಾಯಿತು. ಒಂದನೇ ಚೀಲದಲ್ಲಿ ಹದಿಮೂರು. ಎರಡರಲ್ಲಿ ಹದಿನಾಲ್ಕು. ಮೂರು, ನಾಲ್ಕರಲ್ಲಿ ಹದಿಮೂರು ಹದಿಮೂರು. ಐದರಲ್ಲಿ ಇಪ್ಪತ್ಮೂರು. ಆರು, ಏಳು, ಎಂಟರಲ್ಲಿ ಮತ್ತೆ ಹದಿಮೂರೇ. ಬುಷ್ರಾ ಎರಡು ಸಲ ಎಣಿಸಿದಳು. ಕಾಳುಗಳೇನೂ ಬದಲಾಗಲಿಲ್ಲ. ಒಟ್ಟು ನೂರ ಇಪ್ಪತ್ತು ಇರಬೇಕಾದಲ್ಲಿ ನೂರ ಹದಿನೈದು ಇದ್ದವು.

"ಐದು ಕಮ್ಮಿ ಸರ್."

"ಯಾರೋ ಬಾಯಿಗೆ ಹಾಕ್ಕೊಂಡಿರ್ತಾರೆ. ಅಸಿಂಧು ಅಂತ ಬರಿ."

"ಎಲ್ಲದರಲ್ಲೂ ಹದಿಮೂರು ಹೆಂಗೆ ಬರುತ್ತೆ ಸರ್?"

ಬಸವಕಿರಣ್ ಹಾಳೆ ನೋಡಿದ. ಅವನಿಗೆ ಸಂತೋಷವೇ ಆಯಿತು. "ಬ್ಯೂಟಿಫುಲ್. ವೈವಿಧ್ಯಕ್ಕೆ ಮನ್ನಣೆ ಅಂದರೆ ಇದೇ. ನಮ್ಮ ಮಹಿಳೆಯರು ಯಾವ ತಳೀನೂ ತಿರಸ್ಕರಿಸಿಲ್ಲ. ಇದು ರಿಪೋರ್ಟಿಗೆ ಒಂದು ಪ್ಯಾರಾ ಆಗುತ್ತೆ." ಆಮೇಲೆ ಐದನೇ ನಂಬರು ನೋಡಿ, "ನೂರ ಹದಿನೈದರ ಕಾಲುಭಾಗ ಇಪ್ಪತ್ತೊಂಬತ್ತು. ಆರು ಕಾಳು ಕಡಿಮೆ. ಹಾಗಾದರೆ ಇಳುವರಿ ಮೇಲೆ ಎರಡನೇ ನಂಬರು," ಎಂದ. ಎರಡನೇ ನಂಬರು ಹೊರಗಿನಿಂದ ತರಿಸಿದ ತಳಿ. ಯಾರ ಬಾಯಲ್ಲೂ ಅದರ ಹೆಸರು ಬಂದದ್ದನ್ನು ಬುಷ್ರಾ ಕೇಳಿರಲಿಲ್ಲ.

ಸಂಜೆ ಹರಿಹರದಲ್ಲಿ ಬಸ್ಸಿಳಿದು ಅವಳು ನೇರ ಅಪ್ಪನ ಅಂಗಡಿಗೆ ಹೋದಳು. ಜಮಾಲ್ ಸಾಬ್ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಆಡುವ ಶಿಸ್ತಿನವರು. ಅಂಗಡಿಯೊಳಗೆ ಬಂದರೆ ಮಗಳಿಗೂ ಕನ್ನಡವೇ. ಗಿರಾಕಿಗಳಿಲ್ಲದ ಹೊತ್ತು. ಅವಳು ಚಹಾ ಕುಡಿಯುತ್ತ ಹದಿಮೂರರ ವಿಚಿತ್ರ ಹೇಳಿದಳು.

"ಚೀಲ ಹೆಂಗಿದ್ವು? ಅದು ಹೇಳು ಮೊದಲು," ಎಂದರು ಜಮಾಲ್ ಸಾಬ್.

"ಚೆಂದ ಇದ್ವು ಅಬ್ಬಾ. ಎಲ್ಲಾರೂ ಮುಟ್ಟಿ ಮುಟ್ಟಿ ನೋಡಿದ್ರು."

"ನೋಡ್ದೆ ಏನು. ರವಿಕಿ ಖಣ ಅದು. ಒಂದೊಂದೂ ನಾಲ್ಕು ಮನಿ ಉಡಿ ಕಂಡು ಬಂದಿರೋ ಮಾಲು." ಹೊಲಿಯುತ್ತಲೇ ಹೇಳಿದರು. "ನಲವತ್ತು ವರ್ಷ ಆತು ನೋಡ್ತೀನಿ. ಈಕಿ ಉಡಿ ತುಂಬಿದ್ದು ಆಕಿಗೆ, ಆಕಿ ತುಂಬಿದ್ದು ಇನ್ನೊಬ್ಬಾಕಿಗೆ. ಹೊಲಿಯಾಕೆ ಬರೋದು ಸಾವಿರಕ್ಕೊಂದು."

ಹೊಲಿಗೆ ಯಂತ್ರ ನಿಂತಿತು.

"ಎಲ್ಲಿ ಕಟ್ಟಿದ್ದಿ ಅವನ್ನ?"

"ಗೂಟಕ್ಕೆ. ಬೆಳೆ ಮುಂದೆ."

"ಬಾಯಿ ಬಿಚ್ಚಿ?"

"ಮತ್ತೆ? ಕಾಳು ಹಾಕಬೇಕಲ್ಲ."

ಜಮಾಲ್ ಸಾಬ್ ಮೊದಲು ಜೋರಾಗಿ ನಕ್ಕರು. "ಅಲ್ಲವ್ವ ಬೇಟಿ, ತೆನಿ ಕಟ್ಟಿದ ಬೆಳೆ. ಅದರ ಮುಂದೆ ಹಸಿರು ಖಣ ಒಡ್ಡಿ ಇಟ್ಟೀದಿ. ಮುತ್ತೈದೇರ ಕೈಗೆ ಕಾಳು ಕೊಟ್ಟೀದಿ. ಅವರೇನು ಓಟು ಹಾಕ್ತಾರಾ? ಉಡಿ ತುಂಬ್ತಾರೆ. ಒಂದು ಉಡಿ ತುಂಬಿ ಪಕ್ಕದ್ದು ಬರಿದು ಬಿಟ್ಟು ಬರ್ತಾರೇನು ಯಾರಾದ್ರೂ?" ಮಗಳ ಮುಖ ನೋಡಿ ನಗು ನಿಲ್ಲಿಸಿದರು. "ನೀನು ಚೀಲ ಅಂದಿ. ನಾನು ಮಣ್ಣು ಟೆಸ್ಟಿಗೆ ಅನ್ಕಂಡೆ. ಗೊತ್ತಿದ್ರೆ ಲಂಗದ ಬಟ್ಟೆ ಹಾಕ್ತಿದ್ದೆ."

ಬುಷ್ರಾ ಮೂರನೇ ದಿನ ಹದಡಿಗೆ ಹೋದಳು. ನವಣೆ ಕೊಯ್ದಾಗಿತ್ತು; ಬಲೆ ಸುತ್ತಿಟ್ಟಿದ್ದರು. ನಿರ್ಮಲಮ್ಮ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದಳು.

"ಬರ್ರಿ ಮೇಡಮ್ಮಾರೆ, ಕೂಡ್ರಿ. ಯಾರು ಗೆದ್ರು? ಮೀಸಿ ತಾನೆ?"

"ನೀವು ನಿಮ್ಮ ಐದು ಕಾಳು ಎಲ್ಲೆಲ್ಲಿ ಹಾಕಿದ್ರಿ?"

"ಒಂದು ಮೈಲಮ್ಮಂದಕ್ಕೆ. ಎಲ್ಲಾರೂ ಮೊದಲು ಅದಕ್ಕೊಂದು ಹಾಕಬೇಕು ಅಂತ ನಾನೇ ಹೇಳಿದ್ದೆ. ಉಳಿದಿದ್ದು ಉಳಿದೋರಿಗೆ."

"ಐದನ್ನೂ ಅದಕ್ಕೇ ಹಾಕಬಹುದಿತ್ತಲ್ಲ. ಸರ್ ಹೇಳಿದ್ರಲ್ಲ."

"ಹೇಳಿದ್ರು. ಗಂಡಸ್ರು ಹೇಳ್ತಾರೆ," ಎಂದಳು ನಿರ್ಮಲಮ್ಮ. "ನನ್ನ ಹೊಲದಾಗೆ, ನನ್ನ ಬದುವಿನ ಮ್ಯಾಲೆ ಏಳು ಬರಿ ಉಡಿ ಬಿಟ್ಟು ಮನಿಗೆ ಬಂದು ಉಣ್ಲೇನು? ಎಂಟೂ ತುಂಬಿದ್ವಿ. ಯಾವುದಕ್ಕೂ ಹೆಚ್ಚು ಕಡಿಮಿ ಆಗಬಾರದು ಅಂತ ಎಣಿಸಿ ಎಣಿಸಿ ಹಾಕಿದ್ವಿ. ಕೊನಿಗೆ ಒಂದು ಮಿಕ್ತು, ಎರಡನೇದಕ್ಕೆ ಹಾಕು ಅಂದೆ, ಅದರ ಗೂಟ ಸ್ವಲ್ಪ ವಾಲಿತ್ತು, ಪಾಪ ಅನಿಸ್ತು."

"ಐದು ಕಾಳು ಕಡಿಮೆ ಬಂದಿದೆ."

ನಿರ್ಮಲಮ್ಮ ಜೋಳ ಹರವುವುದನ್ನು ನಿಲ್ಲಿಸಲಿಲ್ಲ. "ಅವು ಮೈಲಮ್ಮನವು. ಆಕಿ ಹಾಕ್ಲಿಲ್ಲ."

"ಯಾಕ?"

"ಯಾಕ ಅಂತ ಕೇಳ್ತೀಯಲ್ಲ ತಾಯಿ. ಗಂಡ ಇಲ್ದಾಕಿ ಉಡಿಗೆ ಕೈ ಹಾಕ್ತಾಳೇನು? ಅಷ್ಟು ದೂರ ನಿಂತ್ಲು. ನಾವೇನು ಬ್ಯಾಡ ಅನ್ಲಿಲ್ಲ."

"ಹಾಕು ಅಂದ್ರಾ?"

ನಿರ್ಮಲಮ್ಮನ ಕೈ ನಿಂತಿತು.

"ಅನ್ಲಿಲ್ಲ," ಎಂದಳು.

ಆಮೇಲೆ, ವಿಷಯ ಪೂರ್ತಿ ತಿಳಿದ ಮೇಲೆ, ಅವಳು ತಾನೇ ದಾವಣಗೆರೆಗೆ ಬರುತ್ತೇನೆ, ಸಾಹೇಬರಿಗೆ ಹೇಳುತ್ತೇನೆ, ಇಪ್ಪತ್ಮೂರು ಜನರ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತೇನೆ ಎಂದು ಎದ್ದೇಬಿಟ್ಟಳು. ಬಂದಳು ಕೂಡ. ಬಸವಕಿರಣ್ ಅವಳಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಎಲ್ಲವನ್ನೂ ಕೇಳಿದ. ಖಣದ ಕತೆ ಅವನಿಗೆ ನಿಜವಾಗಿ ಹಿಡಿಸಿತು. "ಇದನ್ನೇ ಒಂದು ಪೇಪರ್ ಮಾಡಬಹುದು," ಎಂದ.

"ಪೇಪರಿಗೆ ಹಾಕಿಸ್ರಿ, ಬ್ಯಾಡ ಅನ್ನಲ್ಲ. ಇನ್ನೊಂದು ಸಲ ಓಟು ಮಾಡಿಸ್ರಿ," ಎಂದಳು ನಿರ್ಮಲಮ್ಮ.

"ಹೇಗಮ್ಮ? ನಿಂತ ಬೆಳೆ ನೋಡಿ ಹಾಕಬೇಕಾದ ಮತ. ಬೆಳೆ ಕೊಯ್ದಾಯ್ತು. ಕೂಳೆ ನೋಡಿ ಹಾಕ್ತೀರಾ?"

"ನಾವು ಕಣ್ಣು ಮುಚ್ಚಿ ಹೇಳ್ತೀವಿ, ಐದನೇದು."

"ಅದು ನನಗೆ ಗೊತ್ತು, ನಿಮಗೆ ಗೊತ್ತು. ಚೀಲಕ್ಕೆ ಗೊತ್ತಿಲ್ಲ." ಅವನ ದನಿಯಲ್ಲಿ ಬೇಸರವೇ ಇತ್ತು. "ಐದು ಜನವೇ ಸೇರಿ ಹಾಕಿದ್ದರೂ ಇಪ್ಪತ್ಮೂರು. ಇಪ್ಪತ್ಮೂರು ಜನ ಒಂದೊಂದು ಹಾಕಿದ್ದರೂ ಇಪ್ಪತ್ಮೂರು. ಮೇಲಿನವರು ಅಂಕಿ ಕೇಳ್ತಾರೆ, ಕತೆ ಕೇಳಲ್ಲ. ಮೈಲಮ್ಮ ತನ್ನ ಐದೂ ತನಗೇ ಹಾಕಿಕೊಂಡಿದ್ದರೂ ಇಪ್ಪತ್ತೆಂಟು ಆಗ್ತಿತ್ತು. ನೂರ ಇಪ್ಪತ್ತರ ಕಾಲುಭಾಗ ಮೂವತ್ತು. ಆಗಲೂ ಎರಡು ಕಡಿಮೆ."

"ಮುಂದಿನ ವರ್ಷ ಮಾಡ್ರಿ ಹಂಗಾದ್ರೆ."

"ಯೋಜನೆ ಮಾರ್ಚಿಗೆ ಮುಗಿಯುತ್ತಮ್ಮ."

ನಿರ್ಮಲಮ್ಮ ಚಹಾ ಮುಗಿಸಿ ಎದ್ದಳು. ಬಾಗಿಲಲ್ಲಿ ನಿಂತು ಬುಷ್ರಾಳಿಗೆ ಮಾತ್ರ ಕೇಳುವಂತೆ, "ಸ್ಟೀಲ್ ಡಬ್ಬಿ ಇಟ್ಟಿದ್ರೆ ಏನಾಗ್ತಿತ್ತೇ ನಿಂಗೆ?" ಎಂದು ಬೈದು ಹೋದಳು.

ಬಸವಕಿರಣ್ ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಎರಡು ದಿನ ಫೋನು ಮಾಡಿ ಒಂದು ದಾರಿ ಹುಡುಕಿದ. ದೂರದಲ್ಲಿ ಸರ್ಕಾರದ ಒಂದು ಬೀಜ ಭಂಡಾರ ಇತ್ತು. ಅರ್ಧ ಕೆ.ಜಿ. ಬೀಜ ಕಳಿಸಿದರೆ ಅಲ್ಯೂಮಿನಿಯಂ ಹಾಳೆಯ ಪೊಟ್ಟಣದಲ್ಲಿ ಮುಚ್ಚಿ, ಹೆಪ್ಪುಗಟ್ಟುವ ಚಳಿಯಲ್ಲಿ ಐವತ್ತು ವರ್ಷ ಇಡುತ್ತಾರೆ. ಜೊತೆಗೆ ಒಂದು ಫಾರಂ ಕಳಿಸಬೇಕು. ಅದರಲ್ಲಿ ರೈತರ ಹೆಸರು, ಮತ್ತು ಆ ಹೆಸರಿನ ಪಹಣಿ. ಮೈಲಮ್ಮನ ಹೆಸರಿನಲ್ಲಿ ಪಹಣಿ ಇರಲಿಲ್ಲ. ಇಪ್ಪತ್ತು ವರ್ಷ ಉತ್ತದ್ದಕ್ಕೆ ಪಹಣಿ ಬರುವುದಿಲ್ಲ. ಪಹಣಿ ಇದ್ದದ್ದು ಬಕ್ಕೇಶಪ್ಪನವರ ಹೆಸರಿನಲ್ಲಿ.

ಅಕ್ಟೋಬರಿನ ಒಂದು ಬೆಳಿಗ್ಗೆ ಬುಷ್ರಾ ಫಾರಂ ಹಿಡಿದು ಆವರಗೆರೆಗೆ ಹೋದಳು. ಹೊಲ ಖಾಲಿಯಾಗಿತ್ತು. ಬಕ್ಕೇಶಪ್ಪ ಬಿಳಿ ಅಂಗಿ ತೊಟ್ಟು ನಿಂತು, ಇಬ್ಬರು ಆಳುಗಳಿಂದ ಹಳದಿ ಬಳಿದ ಕಲ್ಲು ನೆಡಿಸುತ್ತಿದ್ದರು. ದಾವಣಗೆರೆಯಲ್ಲಿ ದಲ್ಲಾಳಿ ಅಂಗಡಿ ಇದ್ದ ಮನುಷ್ಯ, ಮೆತ್ತಗಿನ ಮಾತು.

"ನಂಗ್ಯಾಕವ್ವ ಇದು? ನಾನು ಒಂದಿನಾನೂ ನವಣಿ ಬಿತ್ತಿದೋನಲ್ಲ," ಎಂದರು.

"ಪಹಣಿ ನಿಮ್ಮದು ಯಜಮಾನ್ರೆ. ಇಲ್ಲಾಂದ್ರೆ ತಗೊಳಲ್ಲ."

"ಮೈಲಮ್ಮಂದು ಎಲ್ಲಿ ಬರೀತಾರೆ?"

"ಸಾಕ್ಷಿ ಅಂತ ಒಂದು ಜಾಗ ಇದೆ."

ಬಕ್ಕೇಶಪ್ಪನವರಿಗೆ ಒಂದು ಗಳಿಗೆ ನಾಚಿಕೆಯಾದಂತೆ ಕಂಡಿತು. ಆದರೂ ಸಹಿ ಹಾಕಿದರು, ಸ್ಕೂಟರಿನ ಸೀಟಿನ ಮೇಲೆ ಇಟ್ಟುಕೊಂಡು, ನೀಟಾಗಿ. 'ತಳಿಯನ್ನು ಕಾಪಾಡಿಕೊಂಡು ಬಂದ ರೈತರು' ಎಂಬ ಅಚ್ಚಿನ ಸಾಲಿನ ಮುಂದೆ. ಆಮೇಲೆ ಕಲ್ಲಿನ ಕಡೆ ಹೋಗಿ ಆಳುಗಳಿಗೆ ವಿನಾಕಾರಣ ರೇಗಿದರು.

ಮೈಲಮ್ಮ ಬೀಜದ ಗಂಟು ಹಿಡಿದು ಬಂದಳು. ಕೂರಲು ಬೇರೇನೂ ಇರಲಿಲ್ಲ. ಇನ್ನೂ ನೆಡದೆ ಮಲಗಿಸಿದ್ದ ಎರಡು ಸೈಟ್ ಕಲ್ಲುಗಳ ಮೇಲೆ ಒಬ್ಬೊಬ್ಬರು ಕೂತರು. ಫಲಿತಾಂಶವನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಿರ್ಮಲಮ್ಮನಿಗೆ ಧೈರ್ಯ ಬಂದಿರಲಿಲ್ಲ.

"ಎಷ್ಟು ಬಿದ್ವು ಬುಷ್ರಮ್ಮ ನಂದಕ್ಕೆ?"

"ಇಪ್ಪತ್ಮೂರು ಅಮ್ಮ."

ಮೈಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮುಖ ಅರಳಿತು. "ನನ್ನ ಬಿಟ್ಟು ಎಲ್ಲಾರೂ ಹಾಕ್ಯಾರೆ ಹಂಗಾದ್ರೆ! ಒಬ್ಬಾಕಿನೂ ಬಿಟ್ಟಿಲ್ಲ."

"ಬಿಟ್ಟಿಲ್ಲ ಅಮ್ಮ. ಆದ್ರೆ ಇಪ್ಪತ್ತೊಂಬತ್ತು ಬೇಕಿತ್ತು."

"ಇದ್ದದ್ದೇ ಇಪ್ಪತ್ಮೂರು ಮಂದಿ. ಇನ್ನಾರು ಮಂದೀನ ಎಲ್ಲಿಂದ ತರಾಣ?"

ಬುಷ್ರಾ ಕಾಲುಭಾಗದ ನಿಯಮ ಹೇಳಿದಳು, ಬಟ್ಟೆಯ ವಿಷಯ ಹೇಳಿದಳು, ತಪ್ಪು ತನ್ನದು ಎಂದೂ ಹೇಳಿದಳು. ಮೈಲಮ್ಮ ಕೊನೆಯದನ್ನು ಒಪ್ಪಲಿಲ್ಲ. "ನಿಂದೇನೈತೆ. ಅವರೂ ತಪ್ಪು ಮಾಡಿಲ್ಲ. ಬರಿ ಉಡಿ ಹೆಂಗೆ ಬಿಡ್ತಾರೆ?" ಎಂದಳು. ಗಂಟು ಬಿಚ್ಚುತ್ತ, "ನಾನೂ ಹಾಕಬೌದಿತ್ತೇನು?" ಎಂದು ಕೇಳಿದಳು.

"ಹಾಕಬಹುದಿತ್ತು."

"ಉಡಿ ಅಲ್ಲ ಅಂತ ಗೊತ್ತಿದ್ರೆ ಹಾಕ್ತಿದ್ದೆ ನೋಡು."

ಬುಷ್ರಾ ತಕ್ಕಡಿ ತೆಗೆದು ಅರ್ಧ ಕೆ.ಜಿ. ತೂಗಿದಳು. ಗಂಟಿನಲ್ಲಿ ಇನ್ನೂ ನಾಲ್ಕು ಸೇರಿನಷ್ಟು ಉಳಿಯಿತು.

"ಅದನ್ನೂ ತಗಂಡೋಗು."

"ಅವರು ಇಷ್ಟೇ ತಗೊಳ್ಳೋದು ಅಮ್ಮ."

"ಅಲ್ಲಿ ಯಾವಾಗ ಬಿತ್ತುತಾರೆ?"

"ಬಿತ್ತಲ್ಲ ಅಮ್ಮ. ಚಳಿಯಲ್ಲಿ ಇಡ್ತಾರೆ. ಐವತ್ತು ವರ್ಷ ಕೆಡಲ್ಲ."

"ಬಿತ್ತದೇ ಐವತ್ತು ವರ್ಷ," ಎಂದಳು ಮೈಲಮ್ಮ. ಅದು ಪ್ರಶ್ನೆಯಾಗಿರಲಿಲ್ಲ. ಪೊಟ್ಟಣವನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ ಹಿಂದಕ್ಕೆ ಕೊಟ್ಟಳು. "ಯಾರಾದ್ರೂ ಎಂದಾರ ಒಂದಿನ ತಗದ್ರೆ, ಹೆಂಗೆ ಮಾಡಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲ. ಅದನ್ನ ಬರದೀಯಾ?"

ಫಾರಮ್ಮಿನ ಕೊನೆಯಲ್ಲಿ 'ವಿಶೇಷ ಗುಣಗಳು' ಎಂಬ ಅಂಕಣ ಇತ್ತು. ಎರಡು ಗೆರೆ. ಬುಷ್ರಾ ಪೆನ್ನು ತೆಗೆದಳು. "ಹೇಳ್ರಿ ಅಮ್ಮ."

ಮೈಲಮ್ಮ ಸೀರೆ ಸರಿಮಾಡಿಕೊಂಡು ಕೂತಳು. ಗುಬ್ಬಿ ಮುಟ್ಟಲ್ಲ ಅಂತ ಬರಿ ಎಂದಳು. ಗಾಳಿಗೆ ಮಲಗಲ್ಲ. ಮುಂಗಾರು ತಡ ಆದ್ರೂ ನಡೀತೈತೆ, ಆದ್ರೆ ದಟ್ಟಾಗಿ ಬಿತ್ತಬಾರದು. ಇಷ್ಟಕ್ಕೆ ಎರಡು ಗೆರೆ ಮುಗಿಯಿತು. ಬದಿಯಲ್ಲಿ ಬರೆದರೆ ಫಾರಂ ವಾಪಸ್ ಬರುತ್ತದೆಂದು ಬಸವಕಿರಣ್ ಎಚ್ಚರಿಸಿದ್ದ. ಬುಷ್ರಾ ಚೀಲದಿಂದ ತನ್ನ ನೋಟುಬುಕ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ತೆನಿ ಆರಿಸೋದು ಮುಖ್ಯ," ಎಂದಳು ಮೈಲಮ್ಮ. "ಹೊಲದ ಅಂಚಿಂದು ಬ್ಯಾಡ, ನಡುವಿಂದ ತಗೀಬೇಕು. ಕತ್ತು ಹಿಂಗೆ ಬಗ್ಗಿರಬೇಕು." ಮುಂಗೈಯನ್ನು ಸ್ವಲ್ಪ ಬಾಗಿಸಿ ತೋರಿಸಿದಳು. "ಹಿಂಗೆ ಅಲ್ಲ, ಹಿಂಗೆ ಬಗ್ಗಿದ್ರೆ ಮಳಿಗೆ ಮುರೀತೈತೆ. ಇದು ನೋಡು, ಇಷ್ಟು."

ಬುಷ್ರಾ ನೋಡಿದಳು. 'ಕತ್ತು ಬಾಗಿರಬೇಕು' ಎಂದು ಬರೆದಳು. ಎಷ್ಟು ಎಂಬುದು ಆ ಮುಂಗೈಯಲ್ಲಿತ್ತು.

"ಆಮೇಲೆ ಮೀಸಿ ಮ್ಯಾಲೆ ಬೆರಳು ಆಡಿಸಬೇಕು, ಕೆಳಗಿಂದ ಮ್ಯಾಲಕ್ಕೆ. ಚುಚ್ಚಬೇಕು, ಕುಯ್ಯಬಾರದು. ಕೈ ಕೊಡು." ಅವಳ ಬೆರಳನ್ನು ಹಿಡಿದು, ತೆನೆ ಇಲ್ಲದಲ್ಲಿ ತೆನೆಯೊಂದರ ಮೇಲೆಂಬಂತೆ ಕೆಳಗಿಂದ ಮೇಲಕ್ಕೆ ಎಳೆದಳು. "ಗೊತ್ತಾತಾ?"

"ಗೊತ್ತಾಯ್ತು ಅಮ್ಮ," ಎಂದಳು ಬುಷ್ರಾ. ಏನೂ ಗೊತ್ತಾಗಿರಲಿಲ್ಲ.

"ಬರಕಂಡೆ ತಾನೆ?"

"ಬರಕಂಡೆ."

ಹಿಂದೆ ಆಳುಗಳು ಕಲ್ಲಿನ ಬುಡಕ್ಕೆ ಮಣ್ಣು ತುಳಿಯುತ್ತಿದ್ದರು. ಮೈಲಮ್ಮ ಹೇಳುತ್ತ ಹೋದಳು: ಕಾಳನ್ನು ಹಲ್ಲಿನ ಕೆಳಗಿಟ್ಟರೆ ಎಂಥ 'ಚಟ್' ಬರಬೇಕು, ಮೋಡ ಮುಚ್ಚಿದ ದಿನ ಯಾಕೆ ಆರಿಸಬಾರದು, ಒಟ್ಟಿಗೆ ಮಾಗಿದ್ದನ್ನು ಬಣ್ಣದಲ್ಲಿ ಹೇಗೆ ಹಿಡಿಯುವುದು, ಯಾವ ಬಣ್ಣ ಅಂದರೆ ಅಗೋ ಆ ಎತ್ತಿನ ಬೆನ್ನಿನದು. ಬುಷ್ರಾ ರಸ್ತೆ ಕಡೆ ನೋಡುವಷ್ಟರಲ್ಲಿ ಎತ್ತು ದಾಟಿ ಹೋಗಿತ್ತು. ಅವಳು ಬರೆಯುವುದನ್ನು ಯಾವಾಗಲೋ ಬಿಟ್ಟಿದ್ದಳು. ಆದರೂ ಮೈಲಮ್ಮ ಮಾತು ನಿಲ್ಲಿಸಬಾರದೆಂದು ಹಾಳೆಗೆ ತಾಗದಂತೆ ಪೆನ್ನು ಆಡಿಸುತ್ತ ಕೂತಿದ್ದಳು.

"ನಿಧಾನ ಹೇಳ್ಲೇನು?" ಎಂದು ಮೈಲಮ್ಮ ಕೇಳಿದಳು.

"ಬ್ಯಾಡ ಅಮ್ಮ. ಹೇಳ್ರಿ."